ವಿಲ್ಫ್‌ಗೆ ಬರಬೇಕಾದ ಹಾಳೆ

ಅಚ್ಚುಗಾರ ವಿಲ್ಫ್ ಹಾರ್ಗ್ರೀವ್ಸ್‌ಗೆ ಇನ್ನೂ ಒಂದು ಹಾಳೆ ಬರಬೇಕು. ಚಿತ್ರ ಕೊರೆದ ತಾಮ್ರದ ತಗಡಿನಿಂದ ಅಚ್ಚು ತೆಗೆದವನಿಗೆ ಒಂದು ಪ್ರತಿ ಸೇರಬೇಕೆಂಬುದು ನಮ್ಮ ಲೀಡ್ಸ್‌ನ ಅಚ್ಚುಮನೆಗಳ ಕಟ್ಟಳೆ.

ಆ ಚಿತ್ರಕ್ಕೆ ಕೂತವಳು ಅವನ ಹೆಂಡತಿ ಎನಿಡ್. ಲಾಂಡ್ರಿಯಲ್ಲಿ ಒದ್ದೆ ಬಟ್ಟೆಯ ಮೂಟೆ ಹೊತ್ತು ಎಡಹೆಗಲು ವಾಲಿಹೋಗಿತ್ತು. ಅಲ್ಲಿನ ಕೆಲಸಗಾರರ ಮುಷ್ಕರದಲ್ಲಿ ನನ್ನ ಜೊತೆ ಲಾಂಡ್ರಿ ಗೇಟಿನ ಮುಂದೆ ಕೂತ ಹೆಂಗಸು. ಕಲಾವಿದೆ ಹೆಸ್ಟರ್ ಅವಳನ್ನು ಮುಖವಿಲ್ಲದೆ, ಕೈಕಾಲಿಲ್ಲದೆ, ಏಳೆಂಟು ಗೆರೆಗಳಲ್ಲಿ ಕೊರೆದಿದ್ದಳು.

ಮೊದಲ ಅಚ್ಚು ನೋಡಿ ಎನಿಡ್ ನಕ್ಕಳು. "ಇದು ನಾನೇನೋ? ಯಾರೋ ತುಳಿದ ಬನ್ನಿನ ಥರ ಇದೆ!"

"ಆ ಸೊಟ್ಟ ಹೆಗಲು ನೋಡೇ. ಊರಲ್ಲಿ ಇನ್ಯಾರಿಗಿದೆ?" ಅಂದ ವಿಲ್ಫ್.

ಅವನಿಗೆಂದು ಎತ್ತಿಟ್ಟಿದ್ದ ಪ್ರತಿಯನ್ನು ಹೆಸ್ಟರ್ ಗಿರಾಕಿಯೊಬ್ಬನಿಗೆ ಮಾರಿಬಿಟ್ಟಳು. ಆಮೇಲೆ ನಿನಗೆ ಇನ್ನೊಂದು ಅಚ್ಚು ತೆಗೆದುಕೊಂಡರಾಯಿತು ಅಂದಳು. ಆ ಚಳಿಗಾಲ ಎನಿಡ್ ನ್ಯುಮೋನಿಯಾದಿಂದ ಸತ್ತಳು. ಮಣ್ಣು ಮಾಡಿದ ವಾರವೇ ಹೆಸ್ಟರ್ ಬಂದು, ಇಷ್ಟೇ ಎಂದು ಗಿರಾಕಿಗಳಿಗೆ ಮಾತು ಕೊಟ್ಟಷ್ಟು ಪ್ರತಿಗಳೂ ಮಾರಿಹೋಗಿವೆ, ಮತ್ತಾರೂ ಅಚ್ಚು ತೆಗೆಯದಂತೆ ತಗಡಿಗೆ ಗೀಟು ಹಾಕಬೇಕು ಅಂದಳು.

"ನನ್ನದೊಂದು ತೆಗೆದು ಆಮೇಲೆ ಹಾಕ್ತೀನಿ."

"ಎಣಿಕೆ ಮುಗೀತು ವಿಲ್ಫ್. ಕೊಂಡವರಿಗೆ ಮೋಸ ಆಗುತ್ತೆ."

"ಹಂಗಾದ್ರೆ ನನಗೆ ಆಗ್ತಿರೋದೇನು?"

ಅವಳು ತಗಡನ್ನು ಅವನ ಮುಂದಕ್ಕೆ ಸರಿಸಿದಳು. ಅವನೇ ಸೂಜಿ ಹಿಡಿದು, ಆ ಹೆಗಲಿನಿಂದ ಸೊಂಟದವರೆಗೆ ಗೀರಿದ. ಗೀಟು ಬಿದ್ದದ್ದಕ್ಕೆ ಸಾಕ್ಷಿಯಾಗಿ ಒಂದು ಅಚ್ಚು ತೆಗೆಯುವುದುಂಟು. ಅವನಿಗೆ ಸಿಕ್ಕಿದ್ದು ಅದೊಂದೇ.

ಅದು ಈಗ ಅವನ ಅಡುಗೆಮನೆಯ ಗೋಡೆಯಲ್ಲಿದೆ. ಚಹಾ ಕುಡಿಯುತ್ತ ಹೆಬ್ಬೆರಳಿನಿಂದ ಆ ಗೀಟನ್ನು ಉಜ್ಜುತ್ತಾನೆ. ಕಾಗದ ಸವೆಯುತ್ತಿದೆ, ಗೀಟು ಹೋಗುತ್ತಿಲ್ಲ.

ವಾಲಿದ ಹೆಗಲಿನ ಆ ಹೆಂಗಸು ನಿಮ್ಮ ಗೋಡೆಯ ಮೇಲೆ ಗೀಟಿಲ್ಲದೆ ಕೂತಿದ್ದರೆ, ಇಳಿಸಿ ಅವನಿಗೆ ಕೊಡಿ.