ಪ್ಲಾನ್‌ನಲ್ಲಿ ಇಲ್ಲದ ಕಿಟಕಿ

“ಮೇಡಂ, ಈ ಕಿಟಕಿ ಪ್ಲಾನ್‌ನಲ್ಲಿ ಇಲ್ವಲ್ಲ?”

ಬ್ಯಾಂಕಿನಿಂದ ಮನೆ ನೋಡಲು ಬಂದಿದ್ದ ಎಂಜಿನಿಯರ್ ಹಾಗಂದಾಗ ನನಗೆ ನಗು ಬಂತು. ಕಣ್ಣೆದುರಿಗೇ ಇದೆ, ಇಲ್ಲ ಅಂತಾರಲ್ಲ!

ಮಾರಾಟಕ್ಕಿದ್ದದ್ದು ರಾಜಾಜಿನಗರದ ನಮ್ಮ ಮನೆ. ಅಪ್ಪ ಮೊದಲೇ ಹೋಗಿದ್ದರು, ಅಮ್ಮ ಹೋಗಿ ವರ್ಷ ಕಳೆದಿದೆ. ನಾನು ಕೆಂಗೇರಿಯಲ್ಲಿ, ತಮ್ಮ ಮಂಜು ಬಸವೇಶ್ವರನಗರದಲ್ಲಿ. ಲಗ್ಗೆರೆಯ ದಂಪತಿ ಮನೆ ಒಪ್ಪಿದ್ದರು. ಅವರಿಗೆ ಬ್ಯಾಂಕ್ ಸಾಲವೊಂದು ಸಿಕ್ಕಿದರೆ ರಿಜಿಸ್ಟ್ರೇಷನ್.

ಎಂಜಿನಿಯರ್ ಹಳೆಯ ಪ್ಲಾನ್ ಬಿಡಿಸಿ ತೋರಿಸಿದರು. ಹಾಲ್‌ನ ಗೋಡೆಯಲ್ಲಿ ಇರಬೇಕಾದದ್ದು ಪುಟ್ಟ ವೆಂಟಿಲೇಟರ್. ಇರುವುದು ಐದಡಿ ಅಗಲದ ಕಬ್ಬಿಣದ ಕಿಟಕಿ. ಅದೂ ಪಕ್ಕದ ಮನೆಯ ಅಡುಗೆಮನೆಗೆ ನೇರ ಎದುರು.

“ಚೇಂಜ್ ಮಾಡಿದ್ದಕ್ಕೆ ಪರ್ಮಿಷನ್ ಲೆಟರ್ ಏನಾದ್ರೂ ಇದೆಯಾ?”

ಎಲ್ಲಿಯ ಲೆಟರ್? ನಾನಾಗ ನಾಲ್ಕನೇ ಕ್ಲಾಸು. ಅಪ್ಪ ನಾಯಂಡಹಳ್ಳಿಯ ವರ್ಕ್‌ಶಾಪ್‌ನಲ್ಲಿ ಕಿಟಕಿ ಮಾಡಿಸಿ ಲಗೇಜ್ ಆಟೋದಲ್ಲಿ ತಂದದ್ದು ನೆನಪಿದೆ. (ಹಿಂದೆ ಅದನ್ನು ಹಿಡಿದುಕೊಂಡು ಕೂತಿದ್ದವಳು ನಾನೇ. ಫ್ರಾಕ್ ತುಂಬ ರೆಡ್ ಆಕ್ಸೈಡ್ ಪೇಂಟು!) “ನಿಮ್ಮಮ್ಮನ ಹೊಲಿಗೆಗೆ ಬೆಳಕು ಸಾಲ್ತಿಲ್ಲ” ಅಂದಿದ್ದರು. ಅಮ್ಮ ಬ್ಲೌಸ್ ಹೊಲಿಯುತ್ತಿದ್ದಳು. ಮಷೀನು ಕಿಟಕಿಯ ಪಕ್ಕಕ್ಕೆ ಬಂತು. ನಮ್ಮ ಹೋಂವರ್ಕು, ಜಗಳ, ಅವರೆಕಾಯಿ ಸುಲಿಯುವುದು, ಎಲ್ಲವೂ ಅಲ್ಲಿಗೇ ಬಂತು. ಪಕ್ಕದ ಮನೆಯ ಗಿರಿಜಾ ಆಂಟಿ ಜೋಳದ ರೊಟ್ಟಿಯನ್ನು ಮಡಚಿ ಸರಳುಗಳ ನಡುವೆ ತೂರಿಸಿ ಕೊಡುತ್ತಿದ್ದರು. ಬಿಸಿ ಇರುತ್ತಿತ್ತು. ಅಂಥ ರುಚಿ ಆಮೇಲೆ ಯಾವ ಖಾನಾವಳಿಯಲ್ಲೂ ಸಿಗಲಿಲ್ಲ.

ಎಂಜಿನಿಯರ್‌ಗೆ ಇದನ್ನೆಲ್ಲ ಹೇಳಲಾದೀತೇ? “ಗೋಡೆ ಗಟ್ಟಿ ಇದೆ ಅಂತ ಒಂದು ಸರ್ಟಿಫಿಕೇಟು, ಪಕ್ಕದ ಮನೆಯವರ ಒಪ್ಪಿಗೆ ಪತ್ರ. ಎರಡೂ ಬೇಕು. ಇಲ್ಲಾಂದ್ರೆ ಮುಚ್ಚಿಸ್ಬಿಡಿ” ಎಂದು ಹೊರಟರು.

ಮಂಜು ಫೋನಿನಲ್ಲಿ, “ಇಟ್ಟಿಗೆ ಇಟ್ಟು ಮುಚ್ಚಿಸ್ಬಿಡೋಣ ಬಿಡಕ್ಕ, ಒಂದು ದಿನದ ಕೆಲಸ” ಅಂದ.

ನನಗೆ ಮನಸ್ಸು ಬರಲಿಲ್ಲ. ಪಕ್ಕದ ಮನೆಯ ಬೆಲ್ ಒತ್ತಿದೆ.

ಬಾಗಿಲು ತೆಗೆದದ್ದು ಗಿರಿಜಾ ಆಂಟಿಯ ಮಗ. ಅವನಿಗೂ ಈಗ ಐವತ್ತು. ಅಮ್ಮನ ಹೊಲಿಗೆಗೆಂದು ಅಪ್ಪ ಇಡಿಸಿದ ಕಿಟಕಿ ಎಂದು ಹೇಳಿ, ಬರೆದು ತಂದಿದ್ದ ಒಪ್ಪಿಗೆ ಪತ್ರ ಕೊಟ್ಟೆ. ಓದಿ, “ತಪ್ಪು ತಿಳ್ಕೋಬೇಡಿ ಅಕ್ಕ. ನಾಳೆ ನಾವು ಮನೆ ಒಡೆದು ಕಟ್ಟೋವಾಗ ಈ ಲೆಟರ್ರೇ ತೊಂದರೆ ಆಗುತ್ತೆ. ಸೈನ್ ಬೇಡ” ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ವಾಪಸ್ ಹೊರಟೆ.

“ನಿಂತ್ಕೊಳ್ಳೇ” ಅಂದರು ಒಳಗೆ ಮಂಚದ ಮೇಲಿದ್ದ ಆಂಟಿ. “ಹೊಲಿಗೆಗೆ ಅಂತ ಹೇಳಿದ್ರಾ ನಿಮ್ಮಪ್ಪ? ಆ ಕಿಟಕಿ ಬೇಕಾಗಿದ್ದು ನನಗೆ ಕಣೇ.”

ನಾನು ಕೂತೆ.

“ಇವನಪ್ಪ ಆಗ ಕುಡಿದು ಬಂದು ಕೈ ಮಾಡೋರು. ನಾಲ್ಕು ಗೋಡೆ ಒಳಗೆ ಯಾರಿಗೆ ಗೊತ್ತಾಗುತ್ತೆ? ಇಲ್ಲಿಗೊಂದು ಕಿಟಕಿ ಇದ್ದಿದ್ರೆ ಅಂತ ನಿಮ್ಮಮ್ಮನ ಹತ್ರ ಅತ್ತೆ. ಮುಂದಿನ ವಾರವೇ ಗೋಡೆ ಒಡೆಸಿದ್ರು ನಿಮ್ಮಪ್ಪ. ಆಮೇಲೆ ಸಂಜೆ ಆದ್ರೆ ನಿಮ್ಮಮ್ಮ ಅಲ್ಲಿ ಮಷೀನ್ ತುಳೀತಾ ಕೂತಿರೋಳು. ಇವರು ಜೋರು ಮಾಡಿದ್ರೆ ತಲೆ ಎತ್ತಿ, ‘ಊಟ ಆಯ್ತಾ ಅಣ್ಣ?’ ಅನ್ನೋಳು. ಇನ್ನೊಂದು ಮಾತಿಲ್ಲ. ಎತ್ತಿದ ಕೈ ಇಳಿಯೋದು.”

ಸಂಜೆ ಟ್ಯೂಬ್‌ಲೈಟ್ ಹಾಕಿಕೊಂಡು ಹೊಲಿಯುವವಳಿಗೆ ಕಿಟಕಿಯ ಬೆಳಕು ಯಾಕೆ ಬೇಕಿತ್ತು? ಇಷ್ಟು ವರ್ಷ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅಮ್ಮನೂ ಬಾಯಿ ಬಿಟ್ಟಿರಲಿಲ್ಲ. (ಇದನ್ನು ಬರೆಯಲಾ ಎಂದು ಆಂಟಿಯನ್ನು ಕೇಳಿದೆ. “ಹೆಸರು ಬದಲಾಯಿಸಿ ಬರಿ” ಅಂದರು. ಬದಲಾಯಿಸಿದ್ದೇನೆ.)

ಮಗ ಗೋಡೆಗೆ ಒರಗಿ ನಿಂತಿದ್ದ. ಅವನಿಗೆ ಎಷ್ಟು ಗೊತ್ತಿತ್ತೋ, ಎಷ್ಟು ಮರೆತಿದ್ದನೋ. ಒಳಗೆ ಹೋಗಿ ಪೆನ್ ತಂದ. ತನ್ನ ತಾಯಿಯ ಕೈಗೆ ಕೊಟ್ಟ. ಅವರು ನಿಧಾನವಾಗಿ ಸೈನ್ ಮಾಡಿದ ಮೇಲೆ, ಸಾಕ್ಷಿಯ ಜಾಗದಲ್ಲಿ ತಾನೂ ಮಾಡಿದ.

ಗೋಡೆಯ ಸರ್ಟಿಫಿಕೇಟೂ ಸಿಕ್ಕಿತು. ಹೋದ ವಾರ ರಿಜಿಸ್ಟ್ರೇಷನ್ ಮುಗಿಯಿತು. ಕಿಟಕಿ ಹಾಗೇ ಇದೆ. ವಾಪಸ್ ಬರುವಾಗ ಕಾರಿನಲ್ಲಿ ಮಂಜು ಕೇಳಿದ, “ಅಪ್ಪ ಆಗಲೇ ಒಂದು ಅರ್ಜಿ ಕೊಟ್ಟು ಪರ್ಮಿಷನ್ ತಗೊಂಡಿದ್ರೆ ಇಷ್ಟೆಲ್ಲ ಓಡಾಟ ಇರ್ತಿರ್ಲಿಲ್ಲ ಅಲ್ವಾ ಅಕ್ಕ?”

ನಿಜ, ಇರುತ್ತಿರಲಿಲ್ಲ. ಆದರೆ ಆ ಅರ್ಜಿಯಲ್ಲಿ ‘ಕಾರಣ’ ಎಂಬ ಕಡೆ ಏನಂತ ಬರೆಯಬೇಕಿತ್ತು?