ಗೋಡೆಗೆ ಹಾಕಿದ ಅರ್ಧ ಫೋಟೋ

ಹೋದ ವಾರ ಮೊಮ್ಮಗಳಿಗೆ ಕಾಲೇಜಿನ ಕಾರ್ಯಕ್ರಮಕ್ಕೆ ಇಳಕಲ್ ಸೀರೆ ಬೇಕಾಗಿತ್ತು. ನನ್ನ ಟ್ರಂಕು ಇಳಿಸಿದರು. ಮುಚ್ಚಳ ಎತ್ತಿದ ಕೂಡಲೇ ಒಣಗಿದ ಬೇವಿನೆಲೆಯ ವಾಸನೆ, ಅದರ ಹಿಂದೆಯೇ ಹಳೆ ಬಟ್ಟೆಯ ಕಮಟು... ಹುಡುಗಿ ತನಗೆ ಬೇಕಾದದ್ದನ್ನು ಎತ್ತಿಕೊಂಡು ಹೋದಳು. ನಾನು ಮುಚ್ಚಳ ಹಿಡಿದುಕೊಂಡೇ ಕುಳಿತೆ. ಮಸ್ಕಿಯಲ್ಲಿ ನಮ್ಮ ಬಾಜೂಮನೆ ಅತ್ತಿಯ ಟ್ರಂಕಿಗೂ ಇದೇ ವಾಸನೆ ಇತ್ತು. ಅಂಥ ವಾಸನೆ ಬಂದರೆ ಮುದುಕಿಯರಿಗೆ ಕಣ್ಣು ತುಂಬಬೇಕಂತೆ. ನನಗೆ ಬರುವುದು ಸಿಟ್ಟು. ನನ್ನ ಕೂದಲೆಲ್ಲ ಬೆಳ್ಳಗಾದರೂ ಆ ಸಿಟ್ಟು ಮಾತ್ರ ಇಳಿದಿಲ್ಲ.

ಅತ್ತಿ ಎಂದರೆ ಸಂಬಂಧದಿಂದ ಅತ್ತಿಯಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ. ಈಚೆ ನಾವು ಉಸಿರಾಡಿದರೆ ಆಚೆ ಕೇಳುತ್ತಿತ್ತು. ಆಕೆ ಮುದಗಲ್ಲಿನ ಮಗಳು, ಮಸ್ಕಿಯ ಸೊಸೆ. ಗಂಡ ಸತ್ತ ಮೇಲೂ ಮಾವ ಮತ್ತು ಭಾವನ ಮನೆಯಲ್ಲೇ ಇದ್ದಳು. ಹಗಲೆಲ್ಲ ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಕೌದಿ ಹೊಲಿಯುತ್ತಿದ್ದಳು. ಓಣಿಯ ಅರ್ಧ ಮಕ್ಕಳು ಆಕೆ ಹೊಲಿದ ಕೌದಿಯಲ್ಲಿ ಮಲಗಿ ಬೆಳೆದವರು. ಆಗ ಆಕೆಗೆ ಇಪ್ಪತ್ತೈದು ಇತ್ತೋ ಇಲ್ಲವೋ. ನನ್ನ ಕಣ್ಣಿಗೆ ಮಾತ್ರ ದೊಡ್ಡ ಹೆಂಗಸು.

ಮಧ್ಯಾಹ್ನ ಗಂಡಸರೆಲ್ಲ ಮನೆ ಬಿಟ್ಟ ಮೇಲೆ ಒಮ್ಮೊಮ್ಮೆ ಟ್ರಂಕು ತೆಗೆಯುತ್ತಿದ್ದಳು. ಮೊದಲು ನಮ್ಮ ಕೈ ತೊಳೆಸುತ್ತಿದ್ದಳು. ಚಿಕ್ಕಂದಿನ ಬಟ್ಟೆಗೊಂಬೆ, ಮುದಗಲ್ ಕೋಟೆಯ ಬುಡದಲ್ಲಿ ಆರಿಸಿಕೊಂಡ ನುಣ್ಣನೆಯ ಕಲ್ಲು, ಗಂಡನ ಮುಚ್ಚಳವಿಲ್ಲದ ಪೆನ್ನು, ಆತ ಅರ್ಧ ಬಳಸಿ ಬಿಟ್ಟ ಸಾಬೂನಿನ ತುಂಡು... ಒಂದೊಂದನ್ನೂ ನಮ್ಮ ಅಂಗೈಯಲ್ಲಿಟ್ಟು, ನೋಡಿಸಿ, ಮತ್ತೆ ಇಸಿದುಕೊಳ್ಳುತ್ತಿದ್ದಳು. ಕೊನೆಗೆ, ತಳದಿಂದ, ಕೆಂಪು ಖಣದಲ್ಲಿ ಸುತ್ತಿದ ಫೋಟೋ. ಅದನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ.

ಫೋಟೋದಲ್ಲಿ ಗಂಡ ಕುರ್ಚಿಯ ಮೇಲೆ ಕುಳಿತಿದ್ದ. ಅತ್ತಿ ಪಕ್ಕದಲ್ಲಿ ನಿಂತು ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದಳು. ಲಗ್ನವಾದ ಹೊಸತರಲ್ಲಿ ಸೊಲ್ಲಾಪುರದ ಕಡೆಯ ಫೋಟೋದವನೊಬ್ಬ ಲಿಂಗಸುಗೂರಿನಲ್ಲಿ ಪರದೆ ಕಟ್ಟಿಕೊಂಡು ಕೆಲವು ದಿನ ಇದ್ದನಂತೆ. ಹೆಂಡತಿಯನ್ನು ತವರಿಗೆ ಬಿಟ್ಟು ಬರುತ್ತೇನೆಂದು ಹೇಳಿ ಗಾಡಿ ಹೂಡಿದ ಗಂಡ, ಹಿರಿಯರಿಗೆ ಗೊತ್ತಾಗದ ಹಾಗೆ ಅಲ್ಲಿ ಇಳಿಸಿದ್ದ. ಫೋಟೋದವನು ಕರಿ ಬಟ್ಟೆಯೊಳಗೆ ತಲೆ ತೂರಿಸಿದ ಕೂಡಲೇ ಅತ್ತಿ ಹೆದರಿ, "ಎವ್ವಾ, ಆತಗ ತಲೀನ ಇಲ್ಲದಂಗ ಆತಲ್ರೀ!" ಅಂದಳಂತೆ. ಗಂಡನಿಗೆ ನಗು ಉಕ್ಕಿತು. ಅಲುಗಾಡಿದರೆ ಫೋಟೋ ಕೆಡುತ್ತದೆಂದು ಹೇಳಿದ್ದರಿಂದ ತುಟಿ ಬಿಗಿಹಿಡಿದ. ಹಾಗಾಗಿ ಅದರಲ್ಲಿ ಆತನ ಬಾಯಿ ಒಂದು ಕಡೆ ಚೂರು ಓರೆ.

"ನೋಡ್ರಿಲ್ಲಿ, ಇನ್ನಾ ನಗಾಕತ್ತಾನ" ಎಂದು ಅತ್ತಿ ಆ ಓರೆಯನ್ನು ನಮಗೆ ತೋರಿಸುತ್ತಿದ್ದಳು. ನಾವೂ ನಗುತ್ತಿದ್ದೆವು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷ ಆತ ಗಡಿಯಾಚೆ, ಅವರ ವಿರುದ್ಧ ಹೋರಾಡುವವರ ಶಿಬಿರಕ್ಕೆ ಹೋದ. ಅಲ್ಲಿ ವಾಂತಿಭೇದಿ ಹತ್ತಿ ತೀರಿಕೊಂಡ. ಮಣ್ಣು ಅಲ್ಲೇ ಆಯಿತು. ಸುದ್ದಿ ಮಸ್ಕಿಗೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅತ್ತಿ ಗಂಡನ ಕೊನೆಯ ಮುಖ ನೋಡಲಿಲ್ಲ. ಆಕೆಗೆ ಉಳಿದದ್ದು ಆ ಫೋಟೋದ ಮುಖ ಒಂದೇ.

ಇದೆಲ್ಲ ಗೊತ್ತಿದ್ದವರೇ ಆಮೇಲೆ ಮಾಡಿದ್ದನ್ನು ಮಾಡಿದರು. ಅದಕ್ಕೇ ನನಗೆ ಕ್ಷಮಿಸಲು ಆಗುವುದಿಲ್ಲ.

ನಾನಾಗ ನಾಲ್ಕನೆಯ ತರಗತಿ. ಐವತ್ಮೂರನೇ ಇಸವಿ ಇರಬೇಕು. ಲಿಂಗಸುಗೂರಿನಲ್ಲಿ ಒಂದು ಸಭಾಭವನ ಕಟ್ಟಿ, ಒಳಗೆ ಹೋರಾಟದಲ್ಲಿ ತೀರಿಕೊಂಡವರ ಫೋಟೋ ಹಾಕುವುದೆಂದು ಕೆಲವರು ಸೇರಿ ತೀರ್ಮಾನಿಸಿದರು. ಅವರ ಮುಖಂಡರೊಬ್ಬರು ಅತ್ತಿಯ ಭಾವನ ಜೊತೆ ಮನೆಗೆ ಬಂದರು. ಭಾವನಿಗೆ ಆಗ ದೊಡ್ಡವರ ಪಕ್ಕದಲ್ಲಿ ನಿಲ್ಲುವ ಆಸೆ ಹೊಸದಾಗಿ ಹುಟ್ಟಿತ್ತು. ತಮ್ಮ ಬದುಕಿದ್ದಾಗ, ಮನೆ ಕೆಲಸ ಬಿಟ್ಟು ಓಡಾಡುತ್ತಾನೆಂದು ಬೈಯುತ್ತಿದ್ದವನು ಇದೇ ಭಾವ ಎಂದು ನಮ್ಮವ್ವ ಹೇಳುತ್ತಿದ್ದಳು.

"ತಂಗೀ, ಮನಿತನಕ್ಕ ಹೆಸರು ಬರೂ ಕೆಲಸ ಇದು. ಫೋಟೋದ ನಕಲು ತೆಗಿಸಿಕೊಂಡು ಹೊಳ್ಳಿ ಕೊಡ್ತೀವಿ" ಅಂದ ಭಾವ.

ಅತ್ತಿ ಬಾಗಿಲ ಮರೆಯಿಂದಲೇ, "ನಕಲು ತೆಗಿಯವನ್ನ ಇಲ್ಲಿಗೇ ಕರಕೊಂಡು ಬರ್ರಿ. ಅದು ಮನಿ ಬಿಟ್ಟು ಹೋಗೂದು ಬ್ಯಾಡ" ಅಂದಳು.

ಮುಖಂಡರು ನಕ್ಕರು. ಕೊನೆಗೆ ಮಾವ ಮೆಲ್ಲಗೆ, "ಕೊಡವ್ವಾ, ನನ್ನ ಮಗನ ಮಾರಿ ನಾಕು ಮಂದಿ ನೋಡ್ಲಿ" ಅಂದ ಮೇಲೆ ಆಕೆ ಟ್ರಂಕು ತೆಗೆದಳು. ಖಣದ ಸಮೇತ ಕೊಟ್ಟಳು. ಆ ಖಣ ಕೂಡ ಮರಳಿ ಬರಲಿಲ್ಲ.

ದಿನ ಕಳೆದವು. ಜೋಳದ ರಾಶಿ ಮುಗಿಯಿತು. ಅತ್ತಿ ಕೇಳಿದಾಗಲೆಲ್ಲ ಭಾವ, "ಬರ್ತೈತಿ, ಎಲ್ಲಿ ಹೋಗ್ತೈತಿ?" ಅನ್ನುತ್ತಿದ್ದ. ಅಷ್ಟರಲ್ಲಿ ಭವನದ ಕಾರ್ಯಕ್ರಮ ಗೊತ್ತಾಯಿತು. ಮನೆಯ ಗಂಡಸರಿಗೆ ತಲೆಗೆ ಸುತ್ತಲು ಹೊಸ ರುಮಾಲು ಬಂದವು. ಹಿಂದಿನ ದಿನ ಗೋಡೆಯ ಆಚೆಯಿಂದ ಭಾವನ ದನಿ ಕೇಳಿತು.

"ದೊಡ್ಡ ದೊಡ್ಡ ಮಂದಿ ಬರಾಕತ್ತಾರ. ನೀ ಬಂದು ಮುಂದ ಕುಂತ್ರ ಚೆಂದ ಕಾಣಂಗಿಲ್ಲ. ಮನ್ಯಾಗ ಇರು."

ರೊಟ್ಟಿ ಬಡಿಯುತ್ತಿದ್ದ ನಮ್ಮವ್ವನ ಕೈ ನಿಂತಿತು. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಹಿತ್ತಲಿನ ಗಿಡ್ಡ ಗೋಡೆಯ ಮೇಲಿಂದ ಇಣುಕಿದಳು. ಭಾವ ಹೊರಗೆ ಹೋಗುವವರೆಗೆ ಕಾದು, "ಚೆಂದ ಕಾಣಂಗಿಲ್ಲಂತ? ಸತ್ತಾವ ಯಾರ ಗಂಡ? ಅವನ ಗಂಡನೇನು? ನಾಳೆ ಸೀರಿ ಉಟ್ಕೊಂಡು ತಯಾರಾಗು ತಂಗಿ, ಮೋಟರಿಗೆ ಹೋಗೂಣು" ಅಂದಳು.

ಹಾಗೆ ನಾವು ಮೂವರು, ಅವ್ವ, ಅತ್ತಿ, ನಾನು, ಮೋಟಾರಿನಲ್ಲಿ ಲಿಂಗಸುಗೂರಿಗೆ ಹೋದೆವು. ದಾರಿಯುದ್ದಕ್ಕೂ ಅತ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು... ಆಕೆಗೆ ಸಿಟ್ಟಿರಲಿಲ್ಲ, ಖುಷಿಯಿತ್ತು. ಬಹಳ ದಿನದ ಮೇಲೆ ಗಂಡನ ಮುಖ ನೋಡುವ ಖುಷಿ.

ಭವನದ ಗೋಡೆಗಳಿಂದ ಹಸಿ ಸುಣ್ಣದ ವಾಸನೆ ಬರುತ್ತಿತ್ತು. ಹಿಂದೆ, ಬಾಗಿಲ ಹತ್ತಿರ, ಜಮಖಾನೆಯ ತುದಿಯಲ್ಲಿ ಕುಳಿತೆವು. ಮುಂದೆ ಭಾವ ಹೊಸ ರುಮಾಲಿನಲ್ಲಿ ಕುಳಿತಿದ್ದ. ಪಕ್ಕದಲ್ಲಿ ಮಾವ. ಗೋಡೆಯ ಮೇಲಿನ ಬಟ್ಟೆ ಸರಿಸಿದರು. ಬಂಗಾರ ಬಣ್ಣದ ಚೌಕಟ್ಟಿನಲ್ಲಿ ಅತ್ತಿಯ ಗಂಡ ಕುಳಿತಿದ್ದ. ಒಬ್ಬನೇ. ನಕಲಲ್ಲ, ಅದೇ ಫೋಟೋ. ಕೆಳಗಿನ ಮೂಲೆಯಲ್ಲಿದ್ದ ದೊಡ್ಡ ಎಣ್ಣೆಯ ಕಲೆ ಅಷ್ಟು ದೂರದಿಂದಲೂ ನನಗೆ ಗುರುತು ಸಿಕ್ಕಿತು. ಅತ್ತಿ ನಿಂತಿದ್ದ ಜಾಗದಲ್ಲಿ ಬಂಗಾರದ ಕಾಗದದ ಅಂಚು ಬಂದಿತ್ತು.

ನಾನು ಅತ್ತಿಯ ಮುಖ ನೋಡಿದೆ. ಆಕೆ ಹುಬ್ಬು ಗಂಟಿಕ್ಕಿ ನೋಡುತ್ತಲೇ ಇದ್ದಳು, ಕಣ್ಣು ಮಂಜಾಯಿತೇನೋ ಎಂಬಂತೆ.

ಮುಖಂಡರು ಭಾಷಣಕ್ಕೆ ಎದ್ದರು. ಸುಳ್ಳೂ ದೊಡ್ಡ ದನಿಯಲ್ಲಿ ಹೇಳಿದರೆ ಎಷ್ಟು ಚೆಂದ ಕೇಳಿಸುತ್ತದೆ! ಆತ ಹೇಗೆ ಸತ್ತನೆಂದು ಹೇಳಿದ್ದರಲ್ಲಿ ವಾಂತಿಭೇದಿಯ ಮಾತೇ ಇರಲಿಲ್ಲ, ಗುಂಡಿನ ಮಾತಿತ್ತು. ಆಮೇಲೆ ಫೋಟೋದ ಕಡೆ ಕೈ ಮಾಡಿ, "ಬಂಧುಗಳೇ, ಆ ತುಟಿಗಳನ್ನು ನೋಡಿರಿ! ದಬ್ಬಾಳಿಕೆಯ ಮೇಲಿನ ಕ್ರೋಧವನ್ನು ಕಚ್ಚಿ ಹಿಡಿದ ಆ ತುಟಿಗಳನ್ನು ನೋಡಿರಿ!" ಎಂದರು. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತಾಗ ಅತ್ತಿ ಎದ್ದು ನಿಂತಿದ್ದಳು.

"ಅದು ಸಿಟ್ಟಲ್ರೀ" ಅಂದಳು. ಎಲ್ಲರೂ ಹಿಂದೆ ತಿರುಗಿದರು. "ನಗು ಅದು. ನನ್ನ ಮಾತಿಗೆ ಬಂದ ನಗು. ನಾ ಬಾಜೂಕ ನಿಂತಿದ್ದೆ. ನಾ ಎಲ್ಲಿ?"

ಯಾರೋ ಕಿಸಕ್ಕೆಂದರು. ಭಾವ ಅರ್ಧ ಎದ್ದು, "ಕುಂದ್ರು! ಮನಿ ಮರ್ಯಾದಿ ಕಳೀಬ್ಯಾಡ" ಎಂದು ಹಲ್ಲು ಕಡಿದ. ಆಕೆ ಕೂರಲಿಲ್ಲ. ಕುಳಿತವರ ನಡುವೆ ದಾರಿ ಮಾಡಿಕೊಂಡು ಗೋಡೆಯವರೆಗೆ ನಡೆದಳು. ಮಾವನ ಮುಂದೆ ಹಾಯುವಾಗ ಮಾತ್ರ ಸೆರಗು ಸರಿಮಾಡಿಕೊಂಡಳು.

ಮುಖಂಡರು ದನಿ ತಗ್ಗಿಸಿ, ಮಗುವಿಗೆ ಹೇಳುವಂತೆ, "ಕಟ್ಟು ಸಣ್ಣದಿತ್ತವ್ವಾ, ಇಬ್ಬರು ಹಿಡಿಸಲಿಲ್ಲ. ಮತ್ತ ಇದು ಹುತಾತ್ಮರ ಫೋಟೋ, ಲಗ್ನದ್ದಲ್ಲ" ಅಂದರು.

"ಕತ್ತರಿಸಿದ್ದು ಎಲ್ಲೈತ್ರಿ?"

"ಅದನ್ಯಾರು ಇಟ್ಕೊಂತಾರವ್ವಾ?"

ಈ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಅವರು ದುಷ್ಟರಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು. ಕಸ ಗುಡಿಸಿ ಚೆಲ್ಲಿದವರನ್ನು ಕಸ ಎಲ್ಲಿ ಎಂದು ಕೇಳಿದರೆ ಅವರಿಗೆ ಎಷ್ಟು ಆಶ್ಚರ್ಯವಾಗುತ್ತದೋ ಅಷ್ಟೇ ಆಶ್ಚರ್ಯ ಅವರ ಮುಖದಲ್ಲಿತ್ತು.

ಅತ್ತಿ ಎರಡೂ ಕೈ ಚಾಚಿ ಕಟ್ಟನ್ನು ಮೊಳೆಯಿಂದ ಇಳಿಸಿದಳು. ಹಾರ ಕೆಳಗೆ ಬಿತ್ತು. ಮುಖಂಡರು ಇನ್ನೊಂದು ಬದಿ ಹಿಡಿದುಕೊಂಡು, "ಇದು ಈಗ ಸಾರ್ವಜನಿಕರ ಸೊತ್ತು, ತಂಗೀ" ಅಂದರು.

"ಸಾರ್ವಜನಿಕರು ಆತನ ಜೋಡಿ ಲಗ್ನ ಆಗಿಲ್ರೀ. ನಾ ಆಗೀನಿ. ಬಿಡ್ರಿ ಕೈ."

ನಮ್ಮವ್ವ ಬಾಗಿಲಿಂದ ಗಟ್ಟಿಯಾಗಿ, "ಬಿಡ್ರಿ, ಆಕಿ ಗಂಡನ ಆಕಿಗೆ ಕೊಡ್ರಿ!" ಎಂದು ಕೂಗಿದಳು. ಮುಖಂಡರ ಕೈ ಸಡಿಲಾಯಿತು. ಅತ್ತಿ ಕಟ್ಟನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದಳು. ಹಿಂದೆ ಯಾರೂ ಬರಲಿಲ್ಲ. ಮೋಟಾರಿಗೆ ಕಾಯುತ್ತ ನಾವು ಬಿಸಿಲಲ್ಲಿ ನಿಂತಿದ್ದಾಗ ಭವನದೊಳಗೆ ಮತ್ತೆ ಭಾಷಣ ಶುರುವಾದದ್ದು ಕೇಳಿಸುತ್ತಿತ್ತು.

ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಇಕ್ಕಳದಿಂದ ಕಟ್ಟಿನ ಮೊಳೆ ಕಿತ್ತಳು. ಬಂಗಾರದ ಕಾಗದ ಸರಿಸಿದಾಗ, ಅಂಚಿನಡಿ ಕುರ್ಚಿಯ ಬೆನ್ನು ಕಂಡಿತು, ಅದರ ಮೇಲೆ ಬೆರಳುಗಳು. ಅತ್ತಿಯ ಬೆರಳುಗಳು. ಬಳೆ ಶುರುವಾಗುವ ಜಾಗದಲ್ಲಿ ಕತ್ತರಿ ಹಾಯ್ದಿತ್ತು.

"ಇಷ್ಟ ಉಳಿಸ್ಯಾರ ನೋಡು ಯಕ್ಕಾ..." ಅಂದಳು ಅತ್ತಿ. ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. ಆಮೇಲೆ ಅತ್ತಳು. ಗಂಡ ಸತ್ತ ಸುದ್ದಿ ಬಂದಾಗಲೂ ಆಕೆ ಹಾಗೆ ಅತ್ತದ್ದು ನೋಡಿರಲಿಲ್ಲ ಎಂದು ಅವ್ವ ಬಹಳ ಸಲ ಹೇಳಿದ್ದಾಳೆ.

ಭಾವ ಸಂಜೆ ಬಂದು ಕೂಗಾಡಿದ. ಗೋಡೆ ಬೀಳುವಂತೆ ಕೂಗಾಡಿದ. ಅಂದಿನಿಂದ ಆ ಮನೆಯಲ್ಲಿ ಆಕೆಯ ಜೊತೆ ಯಾರೂ ಮಾತಾಡಲಿಲ್ಲ. ಮಾವ ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನವನ್ನು ಬಾಯಿಯೊಳಗೇ ಇಟ್ಟುಕೊಂಡವನು. ಸ್ವಲ್ಪ ದಿನಕ್ಕೆ ಮುದಗಲ್ಲಿನಿಂದ ಆಕೆಯ ಅಣ್ಣ ಗಾಡಿ ತಂದ. ಅತ್ತಿ ಟ್ರಂಕು ಏರಿಸಿ, ನನ್ನ ಕೆನ್ನೆ ಸವರಿ, ಹೋಗಿಬಿಟ್ಟಳು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು. ಆಕೆಯ ಕೌದಿ ಹೊದ್ದವರೇ ಎಲ್ಲ. ಗಾಡಿಯವರೆಗೆ ಹೋದವಳು ನಮ್ಮವ್ವ ಒಬ್ಬಳೇ.

ಭವನದವರು ಸುಮ್ಮನಿರಲಿಲ್ಲ. ಖಾಲಿ ಮೊಳೆ ಕಾಣುತ್ತದೆಂದು ಒಬ್ಬ ಚಿತ್ರಗಾರನಿಂದ ಆತನ ಬಣ್ಣದ ಚಿತ್ರ ಬರೆಸಿದರು. ಭಾವ ಪಕ್ಕದಲ್ಲಿ ಕುಳಿತು ಗುರುತು ಹೇಳಿದನಂತೆ. ಉರಿಯುವ ಕಣ್ಣು, ಬಿಗಿದ ತುಟಿ. ಆತನಿಗೆ ಇಲ್ಲದ ಮೀಸೆಯನ್ನೂ ಇಟ್ಟರು.

ನಾನು ಮದುವೆಯಾಗಿ ಸಿಂಧನೂರಿಗೆ ಬಂದೆ. ಮುದಗಲ್ ಕಡೆ ಹೋದಾಗ ಕೆಲವು ಸಲ ಅತ್ತಿಯನ್ನು ಕಂಡಿದ್ದೇನೆ. ಅದೇ ಕೌದಿ, ಅದೇ ಚಾಚಿದ ಕಾಲು. ಆ ದಿನದ ಮಾತು ಆಕೆ ಎತ್ತಲಿಲ್ಲ, ನಾನೂ ಕೆದಕಲಿಲ್ಲ. ಆಕೆ ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಫೋಟೋ ಏನಾಯಿತೆಂದು ಕೇಳಿದ್ದಕ್ಕೆ ಆಕೆಯ ಅಣ್ಣ, "ಆಕಿ ಜೋಡೀನ ಮಣ್ಣಾಗ ಇಟ್ವಿ. ಇನ್ನ ಯಾರ ಕೈಗೂ ಸಿಗಬಾರದು ಅಂದಿದ್ಲು" ಅಂದ. ಆಗ ನನಗೆ ಸಮಾಧಾನವೇ ಆಯಿತು...

ಈ ಸೋಮವಾರ ಲಿಂಗಸುಗೂರಿಗೆ ಬೀಗರ ಮನೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹೊರಗೆ ಇಬ್ಬರು ಹುಡುಗರು ಏಣಿ ಹಾಕಿ ಯಾವುದೋ ಕಾರ್ಯಕ್ರಮದ ಫ್ಲೆಕ್ಸ್ ಕಟ್ಟುತ್ತಿದ್ದರು. ಸಾಲಾಗಿ ಮುಖಗಳು. ಅದರಲ್ಲಿ ಆ ಮೀಸೆಯ ಮುಖವೂ ಇತ್ತು. ನಾನು ನಿಂತದ್ದು ನೋಡಿ ಏಣಿ ಹಿಡಿದವನು, "ಯಾಕ್ರೀ ಅಜ್ಜಿ, ಗುರುತಿನವರೇನು?" ಅಂದ.

"ಅವರ ಹೆಂಡತಿ ನಮ್ಮ ಬಾಜೂಮನಿಯಾಕಿ" ಅಂದೆ.

ಆತ ಮೇಲೆ ನೋಡಿದ. ಮತ್ತೆ ನನ್ನ ಕಡೆ ತಿರುಗಿ ಕೇಳಿದ: "ಹೌದಾ? ಅವರಿಗೆ ಲಗ್ನ ಆಗಿತ್ತೇನ್ರೀ?"

ಹುಡುಗನ ತಪ್ಪೇನೂ ಇಲ್ಲ. ಮರ್ಯಾದೆಯಿಂದಲೇ ಕೇಳಿದ. ಆಗಿತ್ತಪ್ಪಾ ಅಂದೆ. ಆಕೆ ಹೇಗಿದ್ದಳೆಂದು ಹೇಳಬೇಕೆಂದು ಬಾಯಿ ತೆಗೆದೆ. ಚಾಚಿದ ಕಾಲು ನೆನಪಾಯಿತು, ಸೆರಗು ಸುತ್ತುವ ಬೆರಳು ನೆನಪಾಯಿತು. ಮುಖ ಮಾತ್ರ ನೆನಪಿಗೆ ಬರಲಿಲ್ಲ. ಎಷ್ಟು ಹೊತ್ತು ನಿಂತರೂ ಬರಲಿಲ್ಲ.