ಗೇಟಿನಲ್ಲಿ ತಡೆದ ಗಂಜಿ

೧೯೮೭ರ ಮಾತು. ನಮ್ಮನೆಯವರು ಬ್ಯಾಂಕಿನಲ್ಲಿ ಗುಮಾಸ್ತರು. ದಾವಣಗೆರೆಯಿಂದ ವಿಜಯವಾಡಕ್ಕೆ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತಷ್ಟೆ. ಒಂದು ಬೆಳಿಗ್ಗೆ ಸೈಕಲ್ಲಿನಲ್ಲಿ ಬ್ಯಾಂಕಿಗೆ ಹೊರಟವರಿಗೆ ಲಾರಿ ತಗುಲಿ ತೊಡೆಯ ಮೂಳೆ ಮುರಿಯಿತು. ಸರ್ಕಾರಿ ಆಸ್ಪತ್ರೆಗೆ ಓಡಿದೆ. ನರ್ಸ್ ಒಂದು ಚೀಟಿ ಕೈಗಿಟ್ಟು, ತೆಲುಗಿನಲ್ಲಿ ಗದರಿಸಿ ಹೋದಳು. ನನಗೆ ಅರ್ಥವಾಗಿದ್ದು 'ರಕ್ತಂ' ಅನ್ನೋ ಒಂದೇ ಮಾತು.

ವರಾಂಡದಲ್ಲಿ ಅಳುತ್ತಾ ಕೂತಿದ್ದೆ. ವಯಸ್ಸಾದ ಹೆಂಗಸೊಬ್ಬರು ಬಂದು ಪಕ್ಕದಲ್ಲಿ ಕೂತರು. "ಏಡವಕಮ್ಮಾ" ಅಂತ ನನ್ನ ಕಣ್ಣೊರೆಸಿ, ಚೀಟಿ ತೆಗೆದುಕೊಂಡು ಹೋಗಿ ನರ್ಸನ್ನೇ ಕೇಳಿ ಬಂದರು. ಅವರು ಸರೋಜನಮ್ಮ. ಹಿಂದೆ ಎಲ್ಲೋ ಆಯಾ ಆಗಿದ್ದವರು. ಅವರೂ ಅವರ ಬೀದಿಯ ನಾಲ್ಕು ಹೆಂಗಸರೂ ದಿನಾ ಮಧ್ಯಾಹ್ನ ಗಂಜಿ ಕಾಯಿಸಿ ತಂದು, ಯಾರೂ ಇಲ್ಲದ ರೋಗಿಗಳಿಗೆ ಕುಡಿಸುತ್ತಿದ್ದರು. ಅವರ ಗುಂಪಿಗೆ ಒಂದು ಹೆಸರು ಕೂಡ ಇರಲಿಲ್ಲ. ಒಂದು ಗಂಟೆಯೊಳಗೆ ತಮ್ಮ ಬೀದಿಯ ಇಬ್ಬರು ರಿಕ್ಷಾದವರನ್ನು ಕರೆತಂದು ರಕ್ತ ಕೊಡಿಸಿದರು. ನಮ್ಮನೆಯವರು ಉಳಿದರು.

ಮೂರನೇ ವಾರ ಊರಿನ ದೊಡ್ಡ ಕ್ಲಬ್ಬೊಂದು ವಾರ್ಡಿಗೆ ತಣ್ಣೀರಿನ ಯಂತ್ರ ದಾನ ಮಾಡುವ ಸಮಾರಂಭ ಇಟ್ಟುಕೊಂಡಿತು. ನಮ್ಮನೆಯವರ ಬ್ಯಾಂಕಿನ ಮ್ಯಾನೇಜರರ ಹೆಂಡತಿ ಅದರ ಕಾರ್ಯದರ್ಶಿ, ಬೆಂಗಳೂರಿನವರು. ಕನ್ನಡ ಲಿಪಿಯಲ್ಲಿ ಬರೆದ ತೆಲುಗು ಭಾಷಣ ನನ್ನ ಕೈಗಿಟ್ಟು, "ನಾಲ್ಕೇ ಸಾಲು ಕಣ್ರೀ, ಓದಿಬಿಡಿ. ಒಂದು ಫೋಟೋ ಬೇಕು" ಅಂದರು.

ವೇದಿಕೆ ಹತ್ತುವಾಗ ಗೇಟಿನ ಕಡೆ ನೋಡಿದೆ. ಬಿಸಿಲಿನಲ್ಲಿ ಐವರೂ ಗಂಜಿ ಪಾತ್ರೆ ಇಟ್ಟುಕೊಂಡು ನಿಂತಿದ್ದರು. ದೊಡ್ಡವರು ಬರುತ್ತಾರೆ, ವಾರ್ಡು ಗಲೀಜಾಗುತ್ತದೆ ಅಂತ ಕಾವಲುಗಾರ ಒಳಗೇ ಬಿಟ್ಟಿರಲಿಲ್ಲ!

ಕಾಗದ ಓದತೊಡಗಿದೆ. ಅಷ್ಟು ದಿನ ಆಸ್ಪತ್ರೆಯಲ್ಲಿದ್ದು ತೆಲುಗು ಅಷ್ಟಿಷ್ಟು ಅರ್ಥವಾಗತೊಡಗಿತ್ತು. ಎರಡನೇ ಸಾಲಿಗೆ ನಾಲಿಗೆ ನಿಂತಿತು. ಕ್ಲಬ್ಬು ರಕ್ತ ಕೊಡಿಸಿದ್ದರಿಂದಲೇ ನನ್ನ ಗಂಡ ಬದುಕಿದರು ಅಂತ ಬರೆದಿದ್ದರು. ಮೈಯೆಲ್ಲಾ ಉರಿದುಹೋಯಿತು. "ಇದಿ ಅಬದ್ಧಂ! ಇದು ಸುಳ್ಳು!" ಅಂತ ಮೈಕಿನಲ್ಲೇ ಕೂಗಿದೆ. "ರಕ್ತ ಕೊಡಿಸಿದವರನ್ನು ಗೇಟಿನ ಹೊರಗೆ ನಿಲ್ಲಿಸಿದ್ದೀರಿ!" ಅಷ್ಟರಲ್ಲಿ ಮೈಕು ಆಫ್ ಆಯಿತು.

"ನಿಮ್ಮ ಯಜಮಾನರ ಕೆಲಸದ ಯೋಚನೆಯೂ ಇಲ್ವಾ ನಿಮಗೆ?" ಎಂದು ಮ್ಯಾನೇಜರರ ಹೆಂಡತಿ ಹಲ್ಲು ಕಚ್ಚಿ ಕೇಳಿದರು. ವೇದಿಕೆ ಇಳಿದು ಗೇಟಿಗೆ ಹೋದೆ. ಸರೋಜನಮ್ಮ ನನ್ನನ್ನು ಹೊಗಳಲಿಲ್ಲ, ಬೈದರು. "ಕೂಗಾಟ ಆಮೇಲೆ. ಗಂಜಿ ಆರುತ್ತಿದೆ. ಮೂಲೆ ಮಂಚದ ಮುದುಕಿ ಬೆಳಗಿನಿಂದ ಏನೂ ತಿಂದಿಲ್ಲ" ಅಂದರು. ನನ್ನ ಹತ್ತಿರ ವಾರ್ಡಿನ ಪಾಸು ಇತ್ತು. ಪಾತ್ರೆ ನಾನೇ ಎತ್ತಿಕೊಂಡು ಒಳಗೆ ಹೋದೆ.

ಮಾರನೇ ದಿನದಿಂದ ಆಸ್ಪತ್ರೆಯವರು ಗುಂಪಿನ ನೋಂದಣಿ ಪತ್ರ ತಂದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ಹಟ ಹಿಡಿದರು. ಸಹಿ ಹಾಕಲೂ ಬಾರದ ಹೆಂಗಸರು ಎಲ್ಲಿಂದ ತರಬೇಕು? ನಾವು ಮನೆಗೆ ಮರಳುವವರೆಗೂ ರೋಗಿಗಳ ಮನೆಯವರೇ ಸರದಿಯಲ್ಲಿ ಪಾಸು ತೋರಿಸಿ ಪಾತ್ರೆ ಒಳಗೆ ಒಯ್ದೆವು. ಆರು ತಿಂಗಳಿಗೆ ನಮಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಆ ಭಾಷಣಕ್ಕೇ ಆಯಿತೋ ಏನೋ, ಗೊತ್ತಿಲ್ಲ.

ಆ ಕ್ಲಬ್ಬಿನವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲೆಯೇ ಇದೆ. ಅಷ್ಟು ದಿನ ಆ ಗಂಜಿಯ ಹೆಂಗಸರ ಜೊತೆ ಓಡಾಡಿಯೂ, ಸರೋಜನಮ್ಮನ ಬಿಟ್ಟು ಉಳಿದ ನಾಲ್ವರ ಹೆಸರು ನಾನು ಕೇಳಲೇ ಇಲ್ಲ.